ಶ್ರಮದಾನದ ಹೊತ್ತಿಗೆ ಶಫಲ್ ಹಾಡು

ಶಫಲ್ ಎಂದರೆ ಸಂಗ್ರಹದಲ್ಲಿರುವ ಹಾಡುಗಳನ್ನು ಇಸ್ಪೀಟು ಎಲೆಗಳ ಹಾಗೆ ಕಲಸಿ, ಯಾವುದರ ಬೆನ್ನಿಗೆ ಯಾವುದು ಎಂಬ ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟು ಕೇಳುವುದು. ಸ್ವಯಂಸೇವೆಯ ಕೆಲಸಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಗಿಡ ನೆಡುವವರ ಕೈ ಮಣ್ಣಾಗಿರುತ್ತದೆ, ಕೆರೆಯ ಕಸ ಎತ್ತುವವರ ಕೈಯಲ್ಲಿ ಕೈಗವಸು ಇರುತ್ತದೆ, ಪರಿಹಾರದ ಕಿಟ್ ಕಟ್ಟುವವರಿಗೆ ಅಕ್ಕಿ, ಬೇಳೆ, ಎಣ್ಣೆಯ ಸಾಲು ನಿಲ್ಲುವುದೇ ಇಲ್ಲ. ಐದೈದು ನಿಮಿಷಕ್ಕೆ ಜೇಬಿನಿಂದ ಫೋನ್ ತೆಗೆದು ಮುಂದಿನ ಹಾಡು ಹುಡುಕುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಆಯ್ಕೆಯ ಹೊರೆಯನ್ನು ಯಂತ್ರ ಹೊತ್ತುಕೊಂಡರೆ ಕೈ ಕೆಲಸದಲ್ಲೇ ಉಳಿಯುತ್ತದೆ.

ಆದರೆ ಯಂತ್ರ ಕಲಸುವುದು ಅದಕ್ಕೆ ಕೊಟ್ಟದ್ದನ್ನು ಮಾತ್ರ. ಫೋನಿನಲ್ಲಿರುವ ಎಲ್ಲವನ್ನೂ ಒಟ್ಟಿಗೆ ಶಫಲ್‌ಗೆ ಹಾಕಿದರೆ ಭಾವಗೀತೆಯ ಬೆನ್ನಿಗೆ ವಾಟ್ಸಾಪಿನ ಧ್ವನಿಸಂದೇಶ, ಅದರ ಬೆನ್ನಿಗೆ ನಲವತ್ತು ನಿಮಿಷದ ತಾಳಮದ್ದಲೆ ಬರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೈ ತೊಳೆದು ಫೋನ್ ಮುಟ್ಟುವಂತಾದರೆ ಶಫಲ್‌ನಿಂದ ಆದ ಉಪಕಾರವೇನೂ ಇಲ್ಲ. ಹಾಡಿನ ಕುರಿತ ತೀರ್ಮಾನಗಳೆಲ್ಲ ಹಿಂದಿನ ರಾತ್ರಿ ಮನೆಯಲ್ಲೇ ಮುಗಿಯಬೇಕು. ಕೆಲಸದ ಜಾಗದಲ್ಲಿ ಒಂದೂ ಉಳಿದಿರಬಾರದು. ಮುಂದೆ ಬರುವ ಸಲಹೆಗಳೆಲ್ಲ ಇದನ್ನು ಸಾಧಿಸುವ ದಾರಿಗಳು.

ಕೆಲಸಕ್ಕೂ ಹಾಡಿಗೂ ಹಳೆಯ ನಂಟು

ಕನ್ನಡನಾಡಿನ ಬೀಸುಕಲ್ಲಿನ ಪದ, ಕುಟ್ಟುವ ಪದ, ನಾಟಿ ಪದಗಳಲ್ಲಿ ಹಾಡನ್ನು ಆರಿಸುತ್ತಿದ್ದದ್ದು ಕೆಲಸವೇ. ಕಲ್ಲು ಒಂದು ಸುತ್ತು ಬರುವ ಹೊತ್ತಿಗೂ ತ್ರಿಪದಿಯ ನಡೆಗೂ ಹೊಂದಿಕೆ ಇರುತ್ತಿತ್ತು. ಒನಕೆ ಏಳುವ, ಬೀಳುವ ಲಯವನ್ನು ಕುಟ್ಟುವವರ ದನಿ ಹಿಡಿಯುತ್ತಿತ್ತು. ಹಾಡುವವರೂ ದುಡಿಯುವವರೂ ಒಬ್ಬರೇ ಆಗಿದ್ದರು. ಧ್ವನಿಮುದ್ರಣ ಮತ್ತು ರೇಡಿಯೋ ಬಂದ ಮೇಲೆ ಈ ಎರಡೂ ಬೇರೆಯಾದವು, ಹಾಡನ್ನು ಆರಿಸುವ ಕೆಲಸ ಮೂರನೆಯವರ ಕೈಗೆ ಹೋಯಿತು.

ಅಂಥ ಆಯ್ಕೆಯ ದೊಡ್ಡ ಪ್ರಯೋಗ ನಡೆದದ್ದು ಬ್ರಿಟನ್ನಿನಲ್ಲಿ. ಎರಡನೇ ಮಹಾಯುದ್ಧದ ನಡುವೆ, 1940ರ ಜೂನ್‌ನಲ್ಲಿ, ಬಿಬಿಸಿ ಕಾರ್ಖಾನೆಗಳಿಗಾಗಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಎಂಬ ಕಾರ್ಯಕ್ರಮ ಶುರುಮಾಡಿತು. ಅದು 1967ರವರೆಗೆ ನಡೆಯಿತು. ಯಂತ್ರಗಳ ಸದ್ದಿನ ನಡುವೆ ಕೇಳಿಸುವಂಥ, ವೇಗ ಒಂದೇ ಹದದಲ್ಲಿರುವ ಹಾಡುಗಳನ್ನು ಅದಕ್ಕೆ ಆರಿಸುತ್ತಿದ್ದರು. ‘ಡೀಪ್ ಇನ್ ದ ಹಾರ್ಟ್ ಆಫ್ ಟೆಕ್ಸಾಸ್’ ಎಂಬ ಜನಪ್ರಿಯ ಹಾಡನ್ನು ಅಲ್ಲಿ ನಿಷೇಧಿಸಲಾಗಿತ್ತು. ಆ ಹಾಡಿನಲ್ಲಿ ಚಪ್ಪಾಳೆ ತಟ್ಟುವ ಜಾಗಗಳಿವೆ. ಕಾರ್ಮಿಕರು ಕೈಯಲ್ಲಿದ್ದ ಸಲಕರಣೆ ಬಿಟ್ಟು ಚಪ್ಪಾಳೆಗೆ ತೊಡಗುತ್ತಿದ್ದರು, ಇಲ್ಲವೇ ಸಲಕರಣೆಯಿಂದಲೇ ಯಂತ್ರದ ಮೇಲೆ ತಾಳ ಹಾಕುತ್ತಿದ್ದರು. ಕೈಯನ್ನು ಕೆಲಸದಿಂದ ಎಳೆದುಕೊಳ್ಳುವ ಹಾಡು ಎಷ್ಟೇ ಇಷ್ಟದ್ದಾದರೂ ಕೆಲಸದ ಪಟ್ಟಿಗೆ ಸಲ್ಲದು ಎಂಬ ತಿಳಿವಳಿಕೆ ಅಂದಿನಿಂದಲೂ ಇದೆ. ಅಮೆರಿಕದ ಮ್ಯೂಜಾಕ್ ಕಂಪನಿ ಇನ್ನೊಂದು ಪಾಠ ಕೊಟ್ಟಿತು. ಅದು ಕಚೇರಿ, ಕಾರ್ಖಾನೆಗಳಿಗೆ 15 ನಿಮಿಷದ ಕಂತುಗಳಲ್ಲಿ ಮೆಲ್ಲಗೆ ಹುರುಪೇರುವ ಸಂಗೀತ ಕೇಳಿಸಿ, ನಂತರ ಅಷ್ಟೇ ಹೊತ್ತು ಮೌನ ಬಿಡುತ್ತಿತ್ತು. ನಡುವೆ ಬಿಡುವಿಲ್ಲದ ಸಂಗೀತ ಸ್ವಲ್ಪ ಹೊತ್ತಿನಲ್ಲಿ ಬರೀ ಸದ್ದಾಗಿಬಿಡುತ್ತದೆ.

ಯಾವ ಕೆಲಸಕ್ಕೆ, ಯಾವುದಕ್ಕೆ ಬೇಡ

ಜನರೊಂದಿಗೆ ಮಾತನಾಡಬೇಕಾದ ಸೇವೆಯಲ್ಲಿ ಕಿವಿಗೆ ಏನನ್ನೂ ಹಾಕಿಕೊಳ್ಳಬಾರದು. ವೃದ್ಧಾಶ್ರಮದ ಭೇಟಿ, ಮಕ್ಕಳಿಗೆ ಪಾಠ, ರಕ್ತದಾನ ಶಿಬಿರದ ನೋಂದಣಿ ಮೇಜು, ಪಂಕ್ತಿಯಲ್ಲಿ ಬಡಿಸುವುದು, ಅಂಧ ವಿದ್ಯಾರ್ಥಿಗೆ ಪರೀಕ್ಷೆ ಬರೆದುಕೊಡುವುದು ಇವೆಲ್ಲ ಈ ಗುಂಪಿನವು. ಒಂದೇ ಕಿವಿಗೆ ಇಯರ್‌ಫೋನ್ ಇದ್ದರೂ ಎದುರಿನವರಿಗೆ ತಮ್ಮ ಮಾತು ಅರ್ಧ ಮಾತ್ರ ತಲುಪುತ್ತಿದೆ ಅನ್ನಿಸುತ್ತದೆ, ಸೇವೆ ಪಡೆಯುವವರಿಗೆ ಅದರಿಂದ ನೋವಾಗುತ್ತದೆ.

ಅಪಾಯವಿರುವ ಕೆಲಸಗಳಿಗೂ ಇದೇ ನಿಯಮ. ಕಳೆ ಕೊಚ್ಚುವ ಯಂತ್ರ ಓಡುವ ಜಾಗ, ರಸ್ತೆ ಬದಿಯ ಕಸ ಎತ್ತುವುದು, ಪೊದೆ ಸವರುವುದು ಇಂಥ ಕಡೆ ವಾಹನದ ಸದ್ದು, ಹಾವಿನ ಸರಸರ, ಮುಂದಾಳಿನ ಸೀಟಿ ಕೇಳಿಸುತ್ತಿರಲೇಬೇಕು. ದಾಸೋಹದ ಅಡುಗೆಮನೆಯಲ್ಲಿ ಇಬ್ಬರು ಮೂವರು ಕುದಿಯುವ ಸಾರಿನ ಕೊಳಗ ಹೊತ್ತು ಬರುವಾಗ ‘ದಾರಿ, ದಾರಿ’ ಎನ್ನುತ್ತಾರೆ. ಆ ಕೂಗು ಕೇಳದವರು ತಮಗೂ ಹೊತ್ತವರಿಗೂ ಅಪಾಯ ತರುತ್ತಾರೆ. ಕಾಡಂಚಿನ ಕೆಲಸದಲ್ಲಿ, ಅಂದರೆ ಲಾಂಟಾನಾ ಕೀಳುವುದು, ಪ್ರಾಣಿ ಗಣತಿ, ಪ್ಲಾಸ್ಟಿಕ್ ಆಯುವುದು ಇವುಗಳಲ್ಲಿ ಸ್ಪೀಕರ್ ಹಾಕುವ ಯೋಚನೆಯನ್ನೇ ಬಿಡಬೇಕು. ಆನೆ ಹತ್ತಿರ ಬಂದದ್ದು ಗೊತ್ತಾಗುವುದು ಮುರಿದ ಕೊಂಬೆಯ ಸದ್ದಿನಿಂದ.

ಉಳಿದವುಗಳ ಪಟ್ಟಿ ದೊಡ್ಡದೇ ಇದೆ. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಮೊದಲೇ ಶುರುವಾಗುವ ನರ್ಸರಿ ಚೀಲಕ್ಕೆ ಮಣ್ಣು ತುಂಬುವ ಕೆಲಸ, ಗ್ರಂಥಾಲಯದ ಹಳೆಯ ಪುಸ್ತಕ ಒರೆಸಿ ಜೋಡಿಸುವುದು, ಬಟ್ಟೆ ವಿಂಗಡಣೆ, ಲಕೋಟೆಗೆ ವಿಳಾಸ ಅಂಟಿಸುವುದು, ಶಾಲೆಯ ಗೋಡೆಗೆ ಸುಣ್ಣ ಬಳಿಯುವುದು, ಸ್ಕ್ಯಾನರ್ ಮುಂದೆ ಕೂತು ಪುಟ ತಿರುವುವುದು. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಊರೂರಿನಲ್ಲಿ ರಾತ್ರಿಯವರೆಗೂ ನಡೆದ ಕಿಟ್ ಕಟ್ಟುವ ಕೆಲಸವೂ ಇಂಥದ್ದೇ. ಕೈಗೆ ಅಭ್ಯಾಸವಾಗಿ, ತಲೆಗೆ ಬಿಡುವಿರುವ ಕೆಲಸಗಳು ಇವು. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಪೂರೈಸಬೇಕು. ಅದರಲ್ಲಿ ಇಂಥ ಕೆಲಸ ನಾಲ್ಕನೇ ಒಂದು ಪಾಲಾದರೂ 60 ಗಂಟೆಯಾಯಿತು. ಹಾಡು ಆಯ್ದಿಡಲು ಒಂದು ಸಂಜೆ ಕೊಡುವುದು ದುಬಾರಿಯಲ್ಲ.

ಅಕ್ಷರದ ಕೆಲಸದ ತೊಡಕು

ಅಕ್ಷರ ಓದುತ್ತಾ ಮಾಡುವ ಸೇವೆಯನ್ನು ಬೇರೆಯಾಗಿಯೇ ನೋಡಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪುಟ ತಿದ್ದುವುದು ಇದಕ್ಕೆ ಒಳ್ಳೆಯ ಉದಾಹರಣೆ. ಪರದೆಯ ಒಂದು ಬದಿಯಲ್ಲಿ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಯಂತ್ರ ಓದಿ ಕೊಟ್ಟ ಪಠ್ಯ ಇರುತ್ತದೆ. ಸ್ವಯಂಸೇವಕರು ಎರಡನ್ನೂ ಹೋಲಿಸಿ ತಪ್ಪು ತಿದ್ದುತ್ತಾರೆ. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಎರಡನೆಯವರು ಪರಿಶೀಲಿಸಿದ್ದಕ್ಕೆ ಹಸಿರು ಬಣ್ಣ. ಕನ್ನಡ ಲಿಪಿಯಲ್ಲಿ ಯಂತ್ರ ಎಡವುವ ಜಾಗಗಳು ಬಹಳ. ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ನೋಟದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ದ ಮತ್ತು ಧ, ಪ ಮತ್ತು ಷ ಅದಲುಬದಲಾಗುತ್ತವೆ. ಹಳೆಯ ಅಚ್ಚಿನ ಮಸುಕು ಒತ್ತಕ್ಷರಗಳು ಕಳೆದೇಹೋಗುತ್ತವೆ.

ಇಲ್ಲಿ ತಿದ್ದುವವರು ಚಿತ್ರದಿಂದ ನಾಲ್ಕಾರು ಪದಗಳನ್ನು ಮನಸ್ಸಿನಲ್ಲಿ ಹಿಡಿದು ಪಠ್ಯದ ಕಡೆಗೆ ತರುತ್ತಾರೆ. ಆ ಒಂದೆರಡು ಕ್ಷಣದಲ್ಲಿ ಕಿವಿಗೆ ಬೀಳುವ ಮಾತು ಮನಸ್ಸಿನಲ್ಲಿರುವ ಪದಗಳನ್ನು ಕದಡುತ್ತದೆ. 1970 ಮತ್ತು 80ರ ದಶಕಗಳ ಮನಃಶಾಸ್ತ್ರದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಸಾಬೀತಾಗಿದೆ. ಸಲಾಮೆ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು 1989ರಲ್ಲಿ ತೋರಿಸಿದಂತೆ, ವಾದ್ಯಸಂಗೀತಕ್ಕಿಂತ ಹಾಡಿನಿಂದ ಆಗುವ ಅಡ್ಡಿ ಹೆಚ್ಚು. ಅರ್ಥವಾಗದ ಭಾಷೆಯ ಮಾತು ಕೂಡ ಅಡ್ಡಿ ಮಾಡುತ್ತದೆ. ಹಾಗಾಗಿ ಕನ್ನಡ ಹಾಡಿನ ಬದಲು ಬೇರೆ ಭಾಷೆಯ ಹಾಡು ಹಾಕಿದರಾಯಿತು ಎಂಬ ಲೆಕ್ಕ ಸರಿಬರುವುದಿಲ್ಲ.

ಪುಟ ತಿದ್ದುವ ಕೆಲಸಕ್ಕೆ ಪ್ರತ್ಯೇಕವಾದ ವಾದ್ಯಸಂಗೀತದ ಸಂಗ್ರಹ ಇರಬೇಕು. ವಿ. ದೊರೆಸ್ವಾಮಿ ಅಯ್ಯಂಗಾರರ ವೀಣೆ, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್, ರಾಜೀವ ತಾರಾನಾಥರ ಸರೋದ್ ಹೀಗೆ ಕರ್ನಾಟಕದವರದ್ದೇ ಬೇಕಾದಷ್ಟು ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸಂಗೀತ ಕಲಿತವರಿಗೆ ವೀಣೆಯಲ್ಲಿ ಪರಿಚಿತ ಕೃತಿ ಬಂದರೆ ಸಾಹಿತ್ಯ ತಾನಾಗಿ ಒಳಗೆ ಓಡತೊಡಗುತ್ತದೆ. ಚಿತ್ರಗೀತೆಯನ್ನು ಕೊಳಲಲ್ಲಿ ನುಡಿಸಿದ ಮುದ್ರಿಕೆಗಳಲ್ಲಂತೂ ಎಲ್ಲರಿಗೂ ಹಾಗೆಯೇ. ಹೀಗಾಗುವವರು ಆಲಾಪನೆ, ತಾನಗಳನ್ನು, ಅಥವಾ ತಮಗೆ ಸಾಹಿತ್ಯ ಗೊತ್ತಿಲ್ಲದ ರಚನೆಗಳನ್ನು ಆರಿಸಿಕೊಳ್ಳಬೇಕು. ಎರಡನೇ ಪರಿಶೀಲನೆಯ, ಪುಟ ಹಸಿರಾಗಿಸುವ ಹಂತದಲ್ಲಿ ಏನನ್ನೂ ಕೇಳದಿರುವುದೇ ಸರಿ. ಅಲ್ಲಿ ತಪ್ಪಿಸಿಕೊಂಡ ತಪ್ಪನ್ನು ಹಿಡಿಯಲು ಮುಂದೆ ಇನ್ನೊಂದು ಜೋಡಿ ಕಣ್ಣು ಇರುವುದಿಲ್ಲ.

ಕಲಸುವುದು ಹೇಗೆ ನಡೆಯುತ್ತದೆ

ಶಫಲ್‌ನಲ್ಲಿ ಎರಡು ಬಗೆ ಇವೆ. ಒಂದು, ಇಡೀ ಪಟ್ಟಿಯನ್ನು ಮೊದಲೇ ಕಲಸಿ, ಆಮೇಲೆ ಸಾಲಾಗಿ ನುಡಿಸುವುದು. ಪಟ್ಟಿ ಪೂರ್ತಿ ಮುಗಿಯುವವರೆಗೆ ಯಾವ ಹಾಡೂ ಎರಡನೇ ಸಲ ಬರುವುದಿಲ್ಲ. ಇದಕ್ಕೆ ಬಳಸುವ ವಿಧಾನ ಕಂಪ್ಯೂಟರಿಗಿಂತ ಹಳೆಯದು. ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1938ರಲ್ಲಿ ಪ್ರಕಟಿಸಿದ್ದನ್ನು ರಿಚರ್ಡ್ ಡರ್ಸ್ಟನ್‌ಫೆಲ್ಡ್ 1964ರಲ್ಲಿ ಕಂಪ್ಯೂಟರಿಗೆ ಒಗ್ಗಿಸಿದರು. ಪಟ್ಟಿಯ ಕೊನೆಯ ಜಾಗಕ್ಕೆ ಇಡೀ ಪಟ್ಟಿಯಿಂದ ಒಂದನ್ನು ಚೀಟಿ ಎತ್ತಿದಂತೆ ಆರಿಸಿ ಅದಲುಬದಲು ಮಾಡುವುದು, ನಂತರ ಉಳಿದವುಗಳಿಂದ ಅದರ ಹಿಂದಿನ ಜಾಗಕ್ಕೆ ಒಂದು, ಹೀಗೆ ಮೊದಲ ಜಾಗ ತಲುಪುವವರೆಗೆ. ಎಲ್ಲ ಬಗೆಯ ಅನುಕ್ರಮಕ್ಕೂ ಸಮಾನ ಅವಕಾಶ ಸಿಗುತ್ತದೆ.

ಇನ್ನೊಂದು ಬಗೆಯಲ್ಲಿ ಪ್ರತಿ ಹಾಡು ಮುಗಿದಾಗಲೂ ಇಡೀ ಸಂಗ್ರಹದಿಂದ ಹೊಸದಾಗಿ ಚೀಟಿ ಎತ್ತುವುದು. ಇಲ್ಲಿ ಈಗಷ್ಟೇ ಕೇಳಿದ ಹಾಡು ಮತ್ತೆ ಬರಬಹುದು. 150 ಹಾಡುಗಳ ಸಂಗ್ರಹದಲ್ಲಿ ಹೀಗೆ ಮಾಡಿದರೆ, 15 ಹಾಡು ಮುಗಿಯುವಷ್ಟರಲ್ಲಿ ಯಾವುದಾದರೂ ಒಂದು ಎರಡನೇ ಸಲ ಬಂದಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ಎಂದರೆ ಸುಮಾರು ಒಂದು ಗಂಟೆಯ ಕೆಲಸದೊಳಗೆ. ಕೆಲವು ಅಗ್ಗದ ಪ್ಲೇಯರ್‌ಗಳು ಹೀಗೆ ವರ್ತಿಸುವುದುಂಟು. ತಮ್ಮಲ್ಲಿರುವುದು ಯಾವ ಬಗೆ ಎಂದು ತಿಳಿಯಲು ಹತ್ತು ಹಾಡಿನ ಚಿಕ್ಕ ಫೋಲ್ಡರ್ ಮಾಡಿ ಶಫಲ್‌ಗೆ ಹಾಕಿ, ಹಾಡು ದಾಟಿಸುತ್ತ ಹೋಗಬೇಕು. ಹತ್ತೂ ಬರುವ ಮುನ್ನ ಒಂದು ಮರುಕಳಿಸಿದರೆ ಎರಡನೆಯ ಬಗೆ. ಕೆಲಸದ ದಿನಕ್ಕೆ ಬೇರೆ ಆ್ಯಪ್ ಹುಡುಕುವುದು ಒಳ್ಳೆಯದು.

ಮೊದಲ ಬಗೆಯಲ್ಲೂ ಒಂದು ದೂರು ಸದಾ ಕೇಳಿಬರುತ್ತದೆ: ‘ಇದು ಕಲಸುವುದೇ ಇಲ್ಲ, ಒಬ್ಬರದ್ದೇ ಹಾಡು ಬರುತ್ತಿರುತ್ತದೆ.’ ಲೆಕ್ಕ ಹಾಕಿ ನೋಡಿದರೆ ಯಂತ್ರದ ತಪ್ಪು ಕಾಣುವುದಿಲ್ಲ. 150 ಹಾಡುಗಳು ಐವರು ಗಾಯಕರಿಗೆ 30ರಂತೆ ಹಂಚಿಹೋಗಿವೆ ಎಂದುಕೊಳ್ಳೋಣ. ಹಾಡಿಗೆ ನಾಲ್ಕೂವರೆ ನಿಮಿಷದಂತೆ ನಾಲ್ಕು ಗಂಟೆಯ ಕೆಲಸದಲ್ಲಿ ಸುಮಾರು 53 ಹಾಡು ಬರುತ್ತವೆ. ಅಷ್ಟರಲ್ಲಿ ಒಂದೇ ದನಿ ಬೆನ್ನುಬೆನ್ನಿಗೆ ಬರುವುದು ಸರಾಸರಿ ಹತ್ತು ಸಲ. ಅದೇ ಹತ್ತು ಗಾಯಕರಿಗೆ 15ರಂತೆ ಹಂಚಿದ್ದರೆ ಐದೇ ಸಲ. ನಿಜವಾದ ಆಕಸ್ಮಿಕದಲ್ಲಿ ಗೊಂಚಲುಗಳು ಇದ್ದೇ ಇರುತ್ತವೆ, ಮಳೆ ಹನಿ ನೆಲದ ಮೇಲೆ ಸಮವಾಗಿ ಬೀಳದ ಹಾಗೆ. ಮನುಷ್ಯರ ಕಿವಿ ಬಯಸುವುದು ಬೇರೆಯದನ್ನು: ಒಂದೇ ಬಗೆಯವು ದೂರದೂರ ಇರಬೇಕು. ಈ ಬಯಕೆಗೆ ಮಣಿದು ಆ್ಯಪಲ್ 2005ರಲ್ಲಿ ಐಟ್ಯೂನ್ಸ್‌ಗೆ ‘ಸ್ಮಾರ್ಟ್ ಶಫಲ್’ ಸೇರಿಸಿತು. ಸ್ಪಾಟಿಫೈ 2014ರಲ್ಲಿ ಒಬ್ಬ ಕಲಾವಿದರ ಹಾಡುಗಳನ್ನು ಪಟ್ಟಿಯ ಉದ್ದಕ್ಕೂ ಹರಡುವ ವಿಧಾನಕ್ಕೆ ಬದಲಾಯಿತು. ಸ್ವಂತ ಸಂಗ್ರಹ ಕೇಳುವವರಿಗೆ ಇನ್ನೂ ಸುಲಭದ ಉಪಾಯವಿದೆ. ಪಟ್ಟಿಯನ್ನೇ ಸಮತೂಕದಲ್ಲಿ ಕಟ್ಟುವುದು, ಯಾರೊಬ್ಬರದ್ದೂ 12–15 ಹಾಡು ಮೀರದಂತೆ ನೋಡಿಕೊಳ್ಳುವುದು.

ಬಿಡುವಿನ ಹೊತ್ತಿನ ತಪ್ಪೊಂದು ಬಹಳ ಸಾಮಾನ್ಯ. ಚಹಾಕ್ಕೆ ಎದ್ದಾಗ ಆ್ಯಪ್ ಮುಚ್ಚಿ, ಆಮೇಲೆ ಮತ್ತೆ ಶಫಲ್ ಒತ್ತಿದರೆ ಪಟ್ಟಿ ಹೊಸದಾಗಿ ಕಲಸಿಹೋಗುತ್ತದೆ, ಬೆಳಗ್ಗೆ ಕೇಳಿದ್ದೇ ಮತ್ತೆ ಬರುತ್ತದೆ. ಬಿಡುವಿನಲ್ಲಿ ವಿರಾಮದ ಗುಂಡಿ ಮಾತ್ರ ಒತ್ತಬೇಕು.

ಪಟ್ಟಿ ಕಟ್ಟುವುದು

ಅರ್ಧ ದಿನದ ಕೆಲಸಕ್ಕೆ 150 ಹಾಡು ಧಾರಾಳ. ಸರಾಸರಿ ನಾಲ್ಕೂವರೆ ನಿಮಿಷದಂತೆ ಅದು 11 ಗಂಟೆಗೂ ಮೀರುತ್ತದೆ, ಹೆಚ್ಚುಕಡಿಮೆ ಮೂರು ಭಾನುವಾರ ಮರುಕಳಿಸದೆ ನಡೆಯುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಕಡತ ನಿಮಿಷಕ್ಕೆ ಸುಮಾರು ಒಂದು ಎಂಬಿ. ಇಡೀ ಪಟ್ಟಿ 700 ಎಂಬಿ ದಾಟುವುದಿಲ್ಲ. 320 ಕಿಲೋಬಿಟ್‌ನದಾದರೂ ಎರಡು ಜಿಬಿ ಒಳಗೇ. ಇದನ್ನು ಫೋನಿನಲ್ಲೇ ಇಳಿಸಿಕೊಂಡಿರಬೇಕು. ಮಲೆನಾಡಿನ ನರ್ಸರಿಯಲ್ಲೋ ಕೆರೆ ಏರಿಯ ಹಿಂದೆಯೋ ನೆಟ್‌ವರ್ಕ್ ನಂಬಿದವರ ಹಾಡು ನಡುವೆಯೇ ನಿಲ್ಲುತ್ತದೆ.

ಸೇರಿಸುವುದಕ್ಕಿಂತ ತೆಗೆಯುವುದು ಮುಖ್ಯ. ಕ್ಯಾಸೆಟ್ಟಿನಿಂದ ಇಳಿಸಿದ ಸಂಗ್ರಹಗಳಲ್ಲಿ ಒಂದು ಬದಿ ಪೂರ್ತಿ ಒಂದೇ ಕಡತವಾಗಿರುತ್ತದೆ. ಅರ್ಧ ಗಂಟೆ ಒಂದೇ ಧ್ವನಿಸುರುಳಿ ಓಡಿದರೆ ಅದು ಶಫಲ್ ಅಲ್ಲ. ಅಡಾಸಿಟಿಯಂಥ ಉಚಿತ ತಂತ್ರಾಂಶದಿಂದ ಅದನ್ನು ಹಾಡುಹಾಡಾಗಿ ಕತ್ತರಿಸಬಹುದು, ಇಲ್ಲವೇ ಹೊರಗಿಡಬಹುದು. ನಾಟಕದ ಸಂಭಾಷಣೆ, ಹರಿಕಥೆ, ಯಕ್ಷಗಾನ ಪ್ರಸಂಗ, ಪ್ರವಚನಗಳಿಗೆ ಕಥೆಯ ಎಳೆ ಇರುತ್ತದೆ, ನಡುವೆ ಕತ್ತರಿಸಿದರೆ ಉಳಿಯುವುದಿಲ್ಲ. ಜೋಗುಳಗಳನ್ನೂ ಬಿಡಬೇಕು, ಊಟದ ನಂತರದ ಪಾಳಿಗಂತೂ ಖಂಡಿತ. ಕೇಳುವವರ ಮನಸ್ಸನ್ನು ಕಲಕುವ ಸ್ವಂತ ನೆನಪಿನ ಹಾಡುಗಳು ಯಾವುವೆಂದು ಅವರವರಿಗೇ ಗೊತ್ತಿರುತ್ತದೆ. ಅವಕ್ಕೆ ಮನೆಯ ಏಕಾಂತವೇ ಸರಿಯಾದ ಜಾಗ.

ಶಾಸ್ತ್ರೀಯ ಸಂಗೀತದ ವಿಷಯದಲ್ಲಿ ಸ್ವಲ್ಪ ಹೆಚ್ಚು ಯೋಚಿಸಬೇಕು. ಸಿಡಿಗಳಲ್ಲಿ ರಾಗಂ ತಾನಂ ಪಲ್ಲವಿಯನ್ನು ಮೂರು ನಾಲ್ಕು ಕಡತಗಳಾಗಿ ಒಡೆದಿರುತ್ತಾರೆ. ಹಿಂದೂಸ್ತಾನಿಯಲ್ಲಿ ವಿಲಂಬಿತ ಖಯಾಲ್ ಒಂದು ಕಡತ, ದ್ರುತ್ ಇನ್ನೊಂದು. ಶಫಲ್ ಇವುಗಳನ್ನು ದಿಕ್ಕಾಪಾಲು ಮಾಡುತ್ತದೆ. ಆಲಾಪನೆ ಮುಗಿದು ಕೃತಿಗೆ ಕಾಯುವ ಕಿವಿಗೆ ಡುಯೆಟ್ ಬಂದು ಬಡಿದರೆ ಎರಡಕ್ಕೂ ಅನ್ಯಾಯ. ಬೆಳಗಿನ ಭೈರವ ಸಂಜೆಗೆ, ರಾತ್ರಿಯ ರಾಗ ಬೆಳಗಿಗೆ ಬರುವುದನ್ನು ಸಹಿಸದವರು ಹೊತ್ತಿಗೊಂದರಂತೆ ಎರಡು ಪಟ್ಟಿ ಮಾಡಿಕೊಳ್ಳಬಹುದು. ಕೆಲವು ಪ್ಲೇಯರ್‌ಗಳಲ್ಲಿ ಆಲ್ಬಮ್ ಶಫಲ್ ಎಂಬ ಸೌಲಭ್ಯವಿದೆ; ಅದು ಆಲ್ಬಮ್‌ಗಳನ್ನು ಕಲಸುತ್ತದೆ, ಒಳಗಿನ ಅನುಕ್ರಮ ಮುಟ್ಟುವುದಿಲ್ಲ. ಕಂಪ್ಯೂಟರಿನ ಫೂಬಾರ್2000 ಪ್ಲೇಯರ್‌ನಲ್ಲಿ ಇದಿದೆ. ದೀರ್ಘ ಕಚೇರಿ ಕೇಳುವ ಆಸೆ ಇದ್ದವರಿಗೆ ಇದೇ ತಕ್ಕದ್ದು.

ಶಫಲ್‌ಗೆ ಹೇಳಿ ಮಾಡಿಸಿದಂಥ ಶಾಸ್ತ್ರೀಯ ಮುದ್ರಿಕೆಗಳೂ ಇವೆ. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳಲ್ಲಿ ಒಂದು ಇಡೀ ರಾಗದ ಸಾರವನ್ನು ಅಷ್ಟೇ ಹೊತ್ತಿಗೆ ಅಡಕಗೊಳಿಸಿದ ಬಿಗಿ ಕಾಣುತ್ತದೆ. ಹಾಗೆಯೇ ಭೀಮಸೇನ ಜೋಶಿಯವರ ದಾಸರ ಪದಗಳು, ಮಲ್ಲಿಕಾರ್ಜುನ ಮನ್ಸೂರ್ ಮತ್ತು ಬಸವರಾಜ ರಾಜಗುರು ಅವರ ವಚನಗಾಯನ. ಇವು ತಮ್ಮಷ್ಟಕ್ಕೆ ಪೂರ್ಣವಾದವು, ಯಾವುದರ ಹಿಂದೆ ಮುಂದೆ ಬಂದರೂ ಸೊರಗುವುದಿಲ್ಲ. ಭಾವಗೀತೆಗಳೂ ಅಷ್ಟೇ. 1978ರಲ್ಲಿ ಬಂದ ‘ನಿತ್ಯೋತ್ಸವ’ದಂಥ ಕ್ಯಾಸೆಟ್ಟಿಗೆ ತನ್ನದೇ ಅನುಕ್ರಮವಿದ್ದರೂ ನಿಸಾರ್ ಅಹಮದ್ ಅವರ ಕವಿತೆಗೆ ಮೈಸೂರು ಅನಂತಸ್ವಾಮಿ ಹಾಕಿದ ರಾಗ ಬಿಡಿಯಾಗಿಯೂ ನಿಲ್ಲುತ್ತದೆ. ಪಿ. ಕಾಳಿಂಗರಾಯರ ಜನಪದ ಗೀತೆ, ಸಿ. ಅಶ್ವತ್ಥ್ ಅವರ ಶಿಶುನಾಳ ಶರೀಫರ ಪದ, ರಾಜನ್–ನಾಗೇಂದ್ರರ ಚಿತ್ರಗೀತೆ ಒಂದರ ಪಕ್ಕ ಒಂದು ಬಂದಾಗ ಸಾಲಾಗಿ ಕೇಳುವಾಗ ಗಮನಕ್ಕೆ ಬಾರದ ವಿಷಯಗಳು ಕಿವಿಗೆ ಬೀಳುತ್ತವೆ: ಒಂದರಲ್ಲಿ ಪದವೇ ಮುಂದು, ಇನ್ನೊಂದರಲ್ಲಿ ತಾಳ, ಮತ್ತೊಂದರಲ್ಲಿ ಪಿಟೀಲುಗಳ ಮೇಳ. ಶಫಲ್‌ನ ನಿಜವಾದ ಸುಖ ಈ ಅನಿರೀಕ್ಷಿತ ನೆರೆಹೊರೆಯಲ್ಲಿದೆ.

ಹೆಸರು ಮತ್ತು ದನಿಯ ಮಟ್ಟ

ಪ್ಲೇಯರ್‌ಗೆ ಹಾಡಿನ ಗುರುತು ಸಿಗುವುದು ಕಡತದೊಳಗಿನ ಟ್ಯಾಗ್‌ನಿಂದ. ಪಿ.ಬಿ. ಶ್ರೀನಿವಾಸ್, ಪಿಬಿ ಶ್ರೀನಿವಾಸ, ಪಿಬಿಎಸ್ ಎಂದು ಮೂರು ಬಗೆಯಲ್ಲಿ ಹೆಸರಿದ್ದರೆ ಯಂತ್ರಕ್ಕೆ ಅವರು ಮೂವರು. ಒಬ್ಬರ ಹಾಡುಗಳನ್ನು ದೂರದೂರ ಇಡುವ ಸೌಲಭ್ಯ ಆಗ ಕೆಲಸಕ್ಕೆ ಬಾರದು. ಎಂಪಿ3ಟ್ಯಾಗ್ ಅಥವಾ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್‌ನಂಥ ತಂತ್ರಾಂಶದಿಂದ ನೂರಾರು ಕಡತಗಳ ಹೆಸರನ್ನು ಒಟ್ಟಿಗೆ ತಿದ್ದಬಹುದು. ಯುನಿಕೋಡ್‌ಗೆ ಮೊದಲಿನ ಕನ್ನಡ ಫಾಂಟುಗಳಲ್ಲಿ ಬರೆದ ಟ್ಯಾಗ್‌ಗಳು ಇಂದಿನ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಹೊಸದಾಗಿ ಯುನಿಕೋಡ್‌ನಲ್ಲಿ ಬರೆಯುವುದೇ ದಾರಿ. ಯುಗಳಗೀತೆಗೆ ಇಬ್ಬರ ಹೆಸರನ್ನೂ ಒಂದೇ ಕ್ರಮದಲ್ಲಿ ಹಾಕುವ ಪದ್ಧತಿ ಇಟ್ಟುಕೊಂಡರೆ ಸಾಕು.

ಕೆಲಸದ ನಡುವೆ ಅತಿ ಹೆಚ್ಚು ಕಾಟ ಕೊಡುವುದು ದನಿಯ ಏರಿಳಿತ. 1960ರ ದಶಕದ ಚಿತ್ರಗೀತೆ ಮೆಲ್ಲಗೆ ಕೇಳುತ್ತದೆಂದು ವಾಲ್ಯೂಮ್ ಏರಿಸಿಟ್ಟರೆ, ಮುಂದಿನದು ಈಚಿನ ಹಾಡಾಗಿದ್ದು ಕಿವಿಗೆ ಅಪ್ಪಳಿಸುತ್ತದೆ. ಈಚಿನ ಮುದ್ರಣಗಳಲ್ಲಿ ಮೆಲುದನಿಯನ್ನೂ ಎತ್ತರಿಸಿ, ಇಡೀ ಹಾಡನ್ನು ಜೋರಿನ ಮಟ್ಟದಲ್ಲೇ ಇಟ್ಟಿರುತ್ತಾರೆ. ಇದಕ್ಕೆ 2001ರಿಂದಲೂ ರಿಪ್ಲೇಗೇನ್ ಎಂಬ ಪರಿಹಾರವಿದೆ. ತಂತ್ರಾಂಶ ಪ್ರತಿ ಹಾಡಿನ ಗಟ್ಟಿತನ ಅಳೆದು, ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದನ್ನು ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಮೂಲ ಧ್ವನಿ ಬದಲಾಗುವುದಿಲ್ಲ, ನುಡಿಸುವಾಗ ಮಟ್ಟ ಮಾತ್ರ ಸರಿಹೊಂದುತ್ತದೆ. ಶಫಲ್‌ಗೆ ಇದರಲ್ಲಿ ‘ಟ್ರ್ಯಾಕ್’ ಆಯ್ಕೆಯನ್ನೇ ಇಡಬೇಕು. ‘ಆಲ್ಬಮ್’ ಆಯ್ಕೆ ಒಂದು ಆಲ್ಬಮ್ಮಿನೊಳಗಿನ ಏರಿಳಿತವನ್ನು ಉಳಿಸಿಕೊಳ್ಳುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ನಾರ್ಮಲೈಸ್ ಎಂಬ ಗುಂಡಿ ಇರುತ್ತದೆ, ಅದನ್ನು ಆನ್ ಮಾಡಿದರೆ ಸಾಕು.

ಕಿವಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರ ಕಿವಿ ವಾರಕ್ಕೆ 40 ಗಂಟೆ 80 ಡೆಸಿಬೆಲ್ ತಾಳಬಲ್ಲದು. ಮಟ್ಟ ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್‌ನಲ್ಲಿ ವಾರಕ್ಕೆ ಸಿಗುವುದು ನಾಲ್ಕೇ ಗಂಟೆ. ಸದ್ದಿನ ಜಾಗದಲ್ಲಿ ಒಂದೇ ಭಾನುವಾರ ಪೂರ್ತಿ ವಾಲ್ಯೂಮ್‌ನಲ್ಲಿ ಕೇಳಿದರೆ ವಾರದ ಪಾಲೆಲ್ಲ ಖರ್ಚಾಗಿಬಿಡಬಹುದು. ಗರಿಷ್ಠದ ಶೇ. 60ರೊಳಗೆ ಇಡುವುದು ಸುಲಭದ ಅಂದಾಜು. ಅದಕ್ಕಿಂತ ಸುಲಭದ ಪರೀಕ್ಷೆ, ತೋಳಳತೆಯಲ್ಲಿ ನಿಂತವರು ಸಾಮಾನ್ಯ ದನಿಯಲ್ಲಿ ಕರೆದದ್ದು ಕೇಳಿಸಬೇಕು. ಹೊರಾಂಗಣದಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಹಾಕುವುದು ವಾಡಿಕೆ. ಇನ್ನೊಂದು ಕಿವಿಯ ಕೊರತೆ ತುಂಬಲು ಆಗ ವಾಲ್ಯೂಮ್ ಏರಿಸುವ ಆಸೆಯಾಗುತ್ತದೆ, ಅದನ್ನು ತಡೆಯಬೇಕು. ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಪೂರ್ತಿ ನಿಲ್ಲಿಸುವುದು ಕಿವಿಗೂ ಒಳ್ಳೆಯದು, ಜೊತೆಗಾರರ ಪರಿಚಯಕ್ಕೂ ಒಳ್ಳೆಯದು. ಸೇವೆಗೆ ಬಂದವರು ದಿನವಿಡೀ ಒಬ್ಬರನ್ನೊಬ್ಬರು ಮಾತನಾಡಿಸದೆ ಮನೆಗೆ ಮರಳುವುದು ಬೇಸರದ ಸಂಗತಿ.

ಹಾಡು ದಾಟಿಸಲು ಫೋನ್ ತೆಗೆಯಬೇಕಿಲ್ಲ. ತಂತಿಯ ಹೆಡ್‌ಸೆಟ್‌ಗಳ ಗುಂಡಿಯನ್ನು ಒಮ್ಮೆ ಒತ್ತಿದರೆ ವಿರಾಮ, ಬೇಗಬೇಗ ಎರಡು ಸಲ ಒತ್ತಿದರೆ ಮುಂದಿನ ಹಾಡು. ಮೊಣಕೈಯಿಂದಲೂ ಒತ್ತಬಹುದು. ಪರದೆಯೇ ಇಲ್ಲದ ಐಪಾಡ್ ಶಫಲ್ 2005ರಿಂದ 2017ರವರೆಗೆ ಮಾರಾಟದಲ್ಲಿತ್ತು. ಅಂಗಿಗೆ ಸಿಕ್ಕಿಸುವ ಅಂಥ ಚಿಕ್ಕ ಪ್ಲೇಯರ್ ಮನೆಯಲ್ಲಿ ಉಳಿದಿದ್ದರೆ ಶ್ರಮದಾನಕ್ಕೆ ಫೋನಿಗಿಂತ ಅದೇ ಮೇಲು. ಕರೆ ಬರುವುದಿಲ್ಲ, ಕೆಸರಿಗೆ ಬಿದ್ದರೆ ನಷ್ಟವೂ ಕಡಿಮೆ.

ಎಲ್ಲರೂ ಕೇಳುವಾಗ

ಒಂದು ಸ್ಪೀಕರ್‌ನಿಂದ ಎಲ್ಲರೂ ಕೇಳುವುದಾದರೆ ಲೆಕ್ಕ ಬದಲಾಗುತ್ತದೆ. ಕೆಲಸ ಶುರುವಾಗುವ ಮುನ್ನ ಎಲ್ಲರ ಒಪ್ಪಿಗೆ ಕೇಳಬೇಕು. ಒಬ್ಬರು ಬೇಡವೆಂದರೂ ಹಾಕದಿರುವುದು ಸೌಜನ್ಯ. ಪಟ್ಟಿಗೆ ಪ್ರತಿಯೊಬ್ಬರಿಂದ ಐದೈದು ಹಾಡು ಪಡೆದರೆ ಇಪ್ಪತ್ತು ಜನರಿಗೆ ನೂರು ಹಾಡಾಗುತ್ತದೆ, ಯಾರ ಹಾಡು ಯಾವಾಗ ಬರುತ್ತದೋ ಎಂಬ ಕುತೂಹಲವೂ ಹುಟ್ಟುತ್ತದೆ. ಶಫಲ್ ಇಲ್ಲಿ ನ್ಯಾಯವಂತ ಹಂಚಿಕೆದಾರ, ಯಾರ ಹಾಡಿಗೂ ಮೊದಲ ಮಣೆ ಇಲ್ಲ. ಹಲವು ಮತದವರು ಸೇರುವ ಕಡೆ ಭಕ್ತಿಗೀತೆ ಬೇಕೇ ಬೇಡವೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಚುನಾವಣೆಯ ಸಮಯದಲ್ಲಿ ಪಕ್ಷದ ಹಾಡುಗಳಿಗಂತೂ ಜಾಗ ಕೊಡಬಾರದು.

ಬಯಲಲ್ಲಿ ಹಾಕುವಾಗ ಶಬ್ದಮಾಲಿನ್ಯ ನಿಯಮಗಳು, 2000 ಅನ್ವಯಿಸುತ್ತವೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕಕ್ಕೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಬೆಳಗ್ಗೆ ಆರಕ್ಕೇ ಕೆರೆ ಸ್ವಚ್ಛತೆಗೆ ಸೇರುವ ತಂಡಗಳು ಸ್ಪೀಕರನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಆ ಹೊತ್ತಿಗೆ ಕೆರೆಯ ಹಕ್ಕಿಗಳ ದಿನವೂ ಶುರುವಾಗಿರುತ್ತದೆ.

ಕೃತಿಸ್ವಾಮ್ಯದ ಪ್ರಶ್ನೆಯೂ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಲಾಭಕ್ಕಾಗಿ ನಡೆಯದ ಸಂಘದ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಿಕೆ ಕೇಳಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟ, ಪ್ರಾಯೋಜಕರಿರುವ ದೊಡ್ಡ ಕಾರ್ಯಕ್ರಮಕ್ಕೆ ಹೊರಟವರು ಮಾತ್ರ ವಕೀಲರನ್ನು ಕೇಳಿ ಮುಂದುವರಿಯಬೇಕು. ಶ್ರಮದಾನದ ವಿಡಿಯೋ ಮಾಡಿ ಜಾಲತಾಣಕ್ಕೆ ಹಾಕುವುದು ಬೇರೆ ವಿಷಯ. ಹಿನ್ನೆಲೆಯಲ್ಲಿ ಚಿತ್ರಗೀತೆ ಇದ್ದರೆ ಅಲ್ಲಿನ ಯಂತ್ರ ಅದನ್ನು ಗುರುತಿಸಿ ವಿಡಿಯೋದ ಧ್ವನಿಯನ್ನೇ ಅಡಗಿಸಬಹುದು. ಚಿತ್ರೀಕರಿಸುವ ಎರಡು ನಿಮಿಷ ಹಾಡು ನಿಲ್ಲಿಸಿದರೆ ಗುದ್ದಲಿಯ ಸದ್ದು, ಜನರ ಮಾತು ಸ್ಪಷ್ಟವಾಗಿ ದಾಖಲಾಗುತ್ತವೆ.

ಕೆಲಸ ಮುಗಿದ ಮೇಲೆ

ಅಂದಿನ ರಾತ್ರಿಯೇ ಪಟ್ಟಿಯನ್ನು ಒಮ್ಮೆ ನೋಡಬೇಕು. ಯಾವ ಹಾಡನ್ನು ದಾಟಿಸಲಾಯಿತು ಎಂಬುದು ಆಗ ಇನ್ನೂ ನೆನಪಿರುತ್ತದೆ. ಎರಡು ಮೂರು ವಾರ ದಾಟಿಸಿದ ಹಾಡು ಆ ಕೆಲಸಕ್ಕೆ ಒಗ್ಗದ್ದು. ಅದನ್ನು ಅಳಿಸದೆ ಬೇರೆ ಫೋಲ್ಡರಿಗೆ ಸರಿಸುವುದು ಜಾಣತನ, ಗುಂಡಿ ತೋಡುವಾಗ ಒಗ್ಗದ್ದು ಪುಸ್ತಕ ಒರೆಸುವಾಗ ಒಗ್ಗೀತು. ತೆಗೆದಷ್ಟೇ ಹೊಸದನ್ನು ಸೇರಿಸಿ, ಹೊಸ ಕಡತಗಳಿಗೂ ಟ್ಯಾಗ್ ಮತ್ತು ರಿಪ್ಲೇಗೇನ್ ಹಾಕಿ, ಒಂದು ಪ್ರತಿಯನ್ನು ಮೆಮೊರಿ ಕಾರ್ಡಿಗೆ ನಕಲು ಮಾಡಿ, ಇಯರ್‌ಫೋನಿನ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿಟ್ಟರೆ ಮುಂದಿನ ಭಾನುವಾರದ ಸಿದ್ಧತೆ ಅಲ್ಲಿಗೆ ಮುಗಿಯುತ್ತದೆ.